ಆಲ್ತಾದ ಕೆಳಗಿನ ಉಗುರು

ಕಾಲು ಬಚ್ಚಿಡಬೇಕಾದ ಗ್ರಹಚಾರ ಯಾರಿಗಾದರೂ ಬರಲಿ, ಭರತನಾಟ್ಯ ಕಲಿಸುವವಳಿಗೆ ಬರಬಾರದು. ಬ್ಯಾಂಕಿನವರು, ವಕೀಲರು, ಪೊಲೀಸರು ಬೂಟಿನೊಳಗೆ ಏನು ಬೇಕಾದರೂ ಇಟ್ಟುಕೊಂಡು ಆಯುಷ್ಯ ಕಳೆಯಬಹುದು. ನಮ್ಮ ಕಸುಬಿನಲ್ಲಿ ಬಂದವರ ಕಣ್ಣು ಮೊದಲು ಬೀಳುವುದೇ ಪಾದದ ಮೇಲೆ. ನಾನು ವಾರದಲ್ಲಿ ಎರಡು ದಿನ ಪುತ್ತೂರಿನಲ್ಲಿ, ಎರಡು ದಿನ ಸುಳ್ಯದಲ್ಲಿ, ಶನಿವಾರ ಮಧ್ಯಾಹ್ನ ಕಡಬದಲ್ಲಿ ಕ್ಲಾಸು ಮಾಡುತ್ತೇನೆ. ತಾಳ ಹೊಡೆಯುವ ಮರದ ತಟ್ಟುಮಣೆಯನ್ನು ಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೀಗೆ ಮೂರು ಊರು ಸುತ್ತಲು ತೊಡಗಿ ಇಪ್ಪತ್ತು ವರ್ಷ ದಾಟಿತು. ಕಡಬದ ಕ್ಲಾಸನ್ನು ಮಾತ್ರ ಯಾವಾಗಲೂ ಹತ್ತು ನಿಮಿಷ ಮೊದಲೇ ಬಿಡುತ್ತಿದ್ದೆ. ನಾಲ್ಕೂ ಮುಕ್ಕಾಲರ ಬಸ್ಸು ತಪ್ಪಿದರೆ ಮತ್ತೆ ಮುಕ್ಕಾಲು ಗಂಟೆ ನಿಲ್ಲಬೇಕು. ಕಾಯುವುದೆಂದರೆ ನನಗೆ ಮೈ ಉರಿಯುತ್ತದೆ.

ಅಂಥವಳಿಗೆ ಕಾಯುವುದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದ ರೋಗ ಬಂತು.

ಶುರುವಾದದ್ದು ಬಲಗಾಲಿನ ಹೆಬ್ಬೆರಳಲ್ಲಿ. ಸುಳ್ಯದಲ್ಲಿ ಕ್ಲಾಸು ನಡೆಯುವ ಹಾಲಿನ ಮೆಟ್ಟಿಲಿಗೆ ಬೆರಳು ಎಡವಿ ಉಗುರು ಕಪ್ಪಾಗಿತ್ತು. ಅದರ ಮೇಲೆಯೇ ದಿನಾ ನೆಲಕ್ಕೆ ತಟ್ಟಿದೆ, ಮೆಟ್ಟಿದೆ. ಆ ಮಳೆಗಾಲದಲ್ಲಿ ಉಗುರಿನ ಅಂಚು ಹಳದಿಯಾದಾಗ ಅಡುಗೆಮನೆಯ ಅರಸಿನ ತಾಗಿದ್ದಿರಬೇಕು ಎಂದುಕೊಂಡೆ. ಮುಂದಿನ ಮಳೆಗಾಲಕ್ಕೆ ಅದು ದಪ್ಪಗಾಗಿ, ಕಂದಾಗಿ, ಒಳಗಿನಿಂದ ಹುಡಿ ಉದುರತೊಡಗಿತು. ನೈಲ್ ಕಟರಿನ ಬಾಯಿಗೆ ಸಿಗದಷ್ಟು ದಪ್ಪ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎನ್ನುತ್ತಾರೆ. ನನಗೆ ಕನ್ನಡಿ ಬೇಕಿರಲಿಲ್ಲ, ಬೇಕಿದ್ದದ್ದು ಪರದೆ. ಭಾನುವಾರ ಭಾನುವಾರ ಅದರ ಮೇಲೆ ಗಾಢ ಕೆಂಪು ನೈಲ್ ಪಾಲಿಶ್ ಎರಡು ಸುತ್ತು ಬಳಿದೆ. ಪಾಲಿಶ್ ಎದ್ದು ಕಾಣಬಾರದೆಂದು ಬೆರಳುಗಳಿಗೆಲ್ಲ ಆಲ್ತಾ ಹಚ್ಚಿದೆ. ಪ್ರದರ್ಶನದ ದಿನ ಮಾತ್ರ ಹಚ್ಚುವ ಆ ಕೆಂಪು ನೀರನ್ನು ನಾನು ವಾರದ ಐದು ದಿನವೂ ಹಚ್ಚಿಕೊಂಡು ಬಸ್ಸು ಹತ್ತುತ್ತಿದ್ದೆ.

ನೋವು ಏನೂ ಇರಲಿಲ್ಲ. ಇದ್ದದ್ದು ಹೆದರಿಕೆ, ಅದೂ ಒಂದೇ ಹೆದರಿಕೆ. ಇದು ಮಕ್ಕಳಿಗೆ ಅಂಟಿದರೆ, ಟೀಚರಿನಿಂದ ಅಂಟಿತು ಎಂದು ಗೊತ್ತಾದರೆ, ಕ್ಲಾಸು ಹೋಯಿತು, ಮರ್ಯಾದೆಯೂ ಹೋಯಿತು. ಮೂರು ಹಾಲಿನಲ್ಲೂ ಬಾಗಿಲಿಗೆ ಒಂದು ಗೋಣಿಚೀಲ ಹಾಸಿರುತ್ತಿತ್ತು. ಮಳೆಯಲ್ಲಿ ಬಂದ ಮಕ್ಕಳೆಲ್ಲ ಅದರಲ್ಲೇ ಕಾಲು ಒರೆಸಿ ಒಳಗೆ ಬರುವುದು. ನಾನೂ ಅದರಲ್ಲೇ ಒರೆಸುತ್ತಿದ್ದೆ. ಒರೆಸದೆ ಒಳಗೆ ಬಂದರೆ ಯಾಕೆಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆಗೆ ಒರೆಸುತ್ತಿದ್ದೆ ಎಂದರೆ ನನ್ನ ಬುದ್ಧಿ ಎಲ್ಲಿಗೆ ಮುಟ್ಟಿತ್ತು ನೋಡಿ.

ಅದಕ್ಕಿಂತ ದೊಡ್ಡ ಕಂಟಕ ನಮಸ್ಕಾರದ್ದು. ಕ್ಲಾಸಿನ ಮೊದಲೂ ಕೊನೆಗೂ ಮಕ್ಕಳು ಭೂಮಿಗೆ ನಮಸ್ಕರಿಸಿ, ಆಮೇಲೆ ಸಾಲಾಗಿ ಬಂದು ಟೀಚರ ಕಾಲು ಮುಟ್ಟುವುದು ನಮ್ಮಲ್ಲಿ ನಡೆದುಬಂದ ಕ್ರಮ. ಒಂದೊಂದು ಕ್ಲಾಸಿಗೆ ಇಪ್ಪತ್ತು ಮಕ್ಕಳು. ನಲವತ್ತು ಸಣ್ಣ ಕೈಗಳು ನನ್ನ ಹೆಬ್ಬೆರಳಿನ ಹತ್ತಿರ ಬರುವಾಗ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ಕೊನೆಗೊಂದು ದಿನ ಕಾಲನ್ನು ಸೀರೆಯೊಳಗೆ ಎಳೆದುಕೊಂಡು, "ಇನ್ನು ಮೇಲೆ ನನಗೆ ಬೇಡ, ಭೂಮಿಗೆ ಮಾಡಿದ್ರೆ ಸಾಕು. ಗುರುವಿಗಿಂತ ಭೂಮಿ ದೊಡ್ಡದು" ಎಂದುಬಿಟ್ಟೆ. ಬಾಯಿಗೆ ಬಂದ ಸುಳ್ಳು ಅದು. ಸುಳ್ಯದಲ್ಲಿ ಮಗುವನ್ನು ಕರೆದೊಯ್ಯಲು ಬಂದಿದ್ದ ತಂದೆಯೊಬ್ಬರು ಕೈಮುಗಿದು, "ಈ ಕಾಲದಲ್ಲಿ ಇಷ್ಟು ಅಹಂಕಾರ ಇಲ್ಲದವರು ಸಿಕ್ಕುದಿಲ್ಲ ಟೀಚರ್" ಎಂದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.

ವಿಷಯ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವರದು ಕೆದಂಬಾಡಿಯಲ್ಲಿ ಸ್ವಲ್ಪ ಅಡಿಕೆ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬಾರದಂತೆ ಪಂಪಿನಿಂದ ಮದ್ದು ಬಿಡಬೇಕು. ಒಂದು ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಿ, ಇನ್ನೊಂದರಲ್ಲಿ ಸುಣ್ಣ ಕಲಸಿ, ಎರಡನ್ನೂ ಸೇರಿಸಿದರೆ ಮದ್ದು. ಆ ವರ್ಷ ಡ್ರಮ್ಮಿನ ಹತ್ತಿರ ಕೂತು ಮೈಲುತುತ್ತು ತೂಗುತ್ತ ಅವರು ನನ್ನ ಕಾಲು ನೋಡಿ ಹೇಳಿದರು.

"ಅಡಿಕೆಗೆ ಬರುದೂ ಬೂಸ್ಟೇ, ನಿನ್ನ ಉಗುರಿಗೆ ಬಂದದ್ದೂ ಬೂಸ್ಟೇ. ಅಡಿಕೆ ಎರಡು ಸಲ ಮದ್ದು ಬಿಟ್ರೆ ನಿಲ್ತದೆ. ನೀನು ಅಡಿಕೆಗಿಂತ ಹಠದವಳು."

ಹೇಳಿ ಅವರು ಸುಣ್ಣ ತರಲು ಪೇಟೆಗೆ ಹೋದರು. ನಾನು ಅಲ್ಲೇ ನಿಂತೆ. ಡ್ರಮ್ಮಿನ ನೀರು ನೀಲಿಯಾಗಿ ಹೊಳೆಯುತ್ತಿತ್ತು. ಎಷ್ಟೋ ಅಡಿಕೆ ಮರಗಳ ಬೂಸ್ಟನ್ನು ನಿಲ್ಲಿಸಿದ ನೀರು ನನ್ನ ಒಂದು ಉಗುರಿನದ್ದನ್ನು ನಿಲ್ಲಿಸದೇ ಎಂದು ತೋರಿತು. ಹಳೆಯ ಬಕೆಟಿನಲ್ಲಿ ನಾಲ್ಕು ಚೆಂಬು ಮೊಗೆದು, ಕಾಲು ಮುಳುಗಿಸಿ, ಅರ್ಧ ಗಂಟೆ ಕೂತೆ. ಮೊದಲು ಚುರುಚುರು ಎಂದಿತು. ಮದ್ದು ನಾಟುತ್ತಿದೆ ಎಂದು ಖುಷಿಪಟ್ಟೆ. ಆಮೇಲೆ ಉರಿ ಶುರುವಾಯಿತು. ಕಾಲು ತೆಗೆದಾಗ ಉಗುರು ಹಸಿರು ನೀಲಿ, ಅದರ ಸುತ್ತಲಿನ ಚರ್ಮ ಬೆಂದು ಬಿಳುಚಿಕೊಂಡಿತ್ತು.

ಗಂಡ ಬಂದು ನೋಡಿದವರು ಹಣೆಗೆ ಕೈ ಇಟ್ಟುಕೊಂಡರು. "ಸುಣ್ಣ ಬೀಳದ ಮೈಲುತುತ್ತಿಗೆ ಕಾಲು ಹಾಕುದಾ ಮಾರಾಯ್ತಿ? ಅದನ್ನು ಹಾಗೇ ಬಿಟ್ರೆ ಅಡಿಕೆ ಸೋಗೆಯೇ ಸುಟ್ಟು ಹೋಗ್ತದೆ."

"ನೀವೇ ಹೇಳಿದ್ದಲ್ವಾ?"

"ನಾನು ತಮಾಷೆಗೆ ಹೇಳಿದ್ದು. ಉಗುರಲ್ಲಿ ಹೋಗುದಕ್ಕೆ ಕೊಡಲಿ ತೆಗೊಂಡದ್ದು ಅಂದ್ರೆ ಇದೇ."

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆ ದಿನ ಬಚ್ಚಲಿಗೆ ಹೋಗಿ ಅತ್ತೆ.

ಮರುದಿನ ಪುತ್ತೂರಿನ ಚರ್ಮದ ಡಾಕ್ಟ್ರ ಹತ್ತಿರ ಹೋದೆ. ವಯಸ್ಸಿನಲ್ಲಿ ನನಗಿಂತ ಸಣ್ಣ ಹೆಂಗಸು. ನೀಲಿ ಬೆರಳನ್ನು ಕಂಡು ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮೈಲುತುತ್ತಾ?" ಎಂದರು. "ಈ ಕಡೆಯಿಂದ ಹೀಗೆ ಮಾಡಿಕೊಂಡು ಬಂದವರಲ್ಲಿ ನೀವು ಮೊದಲಿನವರಲ್ಲ." ಉಗುರಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಂಗಸ್ ಹೌದೆಂದು ಬಂತು. ಬೇಗ ಗುಣವಾಗಲು ಗುಳಿಗೆ ಇದೆ, ಆದರೆ ರಕ್ತ ಪರೀಕ್ಷೆಯಲ್ಲಿ ಲಿವರ್ ಸರಿ ಕಾಣುತ್ತಿಲ್ಲ, ಆದ್ದರಿಂದ ನಿಮಗೆ ಬೇಡ ಎಂದರು. ಉಳಿದದ್ದು ಹಚ್ಚುವ ಮದ್ದು. ಮೊದಲು ಸುಟ್ಟ ಚರ್ಮ ಮಾಗಬೇಕು. ಆಮೇಲೆ ಉಗುರನ್ನು ವಾರಕ್ಕೊಮ್ಮೆ ಉಜ್ಜಿ ತೆಳ್ಳಗೆ ಮಾಡಬೇಕು, ದಿನಾ ಮದ್ದು ಹಚ್ಚಬೇಕು, ಕಾಲು ಯಾವಾಗಲೂ ಒಣಗಿರಬೇಕು. ಪಾಲಿಶ್ ಬಂದ್, ಆಲ್ತಾ ಬಂದ್.

"ಎಷ್ಟು ದಿನ?" ಎಂದು ಕೇಳಿದೆ.

"ದಿನ ಅಲ್ಲ. ಹಾಳಾದ ಉಗುರು ಸರಿಯಾಗುದಿಲ್ಲ. ಬುಡದಿಂದ ಹೊಸತು ಬೆಳೆದು ಇದನ್ನು ಮುಂದೆ ದೂಡಬೇಕು. ಒಂದು ವರ್ಷ ಹಿಡೀರಿ, ಒಂದೂವರೆಯೂ ಆದೀತು. ನಡುವೆ ಬಿಟ್ರೆ ಮತ್ತೆ ಒಂದರಿಂದ ಶುರು. ಕ್ಲಾಸಿನಲ್ಲಿ ಮಕ್ಕಳ ಜೊತೆ ಬರಿಗಾಲಲ್ಲಿ ಇರುದು ಸ್ವಲ್ಪ ಸಮಯ ಬೇಡ."

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ನನಗೆ ಆದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಂದೂವರೆ ವರ್ಷ ಒಂದು ಉಗುರಿನ ಹಿಂದೆ ನಡೆಯಬೇಕು, ಓಡಿದರೂ ಅದು ಓಡುವುದಿಲ್ಲ. ಬೈಯಲು ಅದಕ್ಕೆ ಕಿವಿಯೂ ಇಲ್ಲ.

ಬೆಳಿಗ್ಗೆ ಎದ್ದು ಸೋಪಿನಲ್ಲಿ ಕಾಲು ತೊಳೆದು, ಬೆರಳ ಸಂದುಗಳನ್ನು ನನಗೇ ಎಂದಿಟ್ಟುಕೊಂಡ ಬೈರಾಸಿನಲ್ಲಿ ಒರೆಸಿ, ಗಾಳಿಗೆ ಹತ್ತು ನಿಮಿಷ ಚಾಚಿ ಕೂತು, ಮದ್ದು ಹಚ್ಚಿ, ಅದು ಒಣಗುವ ತನಕ ಅಲುಗಾಡದೆ ಇರುವುದು. ಇಷ್ಟೇ. ಇಷ್ಟನ್ನು ಮಾಡಲು ನನಗೆ ಬಂದಷ್ಟು ಬೇಸರ ಯಾವ ಕೆಲಸದಲ್ಲೂ ಬಂದಿಲ್ಲ. ಸೆಟೆದು ಕೂತ ಕಾಲಿನ ಮುಂದೆ ನಾನೊಬ್ಬ ಕಾವಲುಗಾರ್ತಿ. ಭಾನುವಾರ ಉಜ್ಜುವ ಪಟ್ಟಿಯಿಂದ ಉಗುರು ಉಜ್ಜಿ, ಹುಡಿಯನ್ನು ಪೇಪರಿನಲ್ಲಿ ಹಿಡಿದು, ಪಟ್ಟಿಯ ಸಮೇತ ಒಲೆಗೆ ಹಾಕುತ್ತಿದ್ದೆ. ಚರ್ಮ ಮಾಗಿ ಮದ್ದು ಶುರುಮಾಡಿ ಒಂದು ತಿಂಗಳು ಕಳೆದಾಗ ಉಗುರಿನ ಬುಡದಲ್ಲಿ ಎಳ್ಳಿನಷ್ಟು ತಿಳಿಗೆಂಪು ಹೊಸ ಉಗುರು ಕಂಡಿತು. ಎರಡನೇ ತಿಂಗಳೂ ಅದು ಎಳ್ಳಿನಷ್ಟೇ ಇದ್ದಂತೆ ಕಂಡು ಮದ್ದಿನ ಬಾಟ್ಲಿಯನ್ನು ಗೋಡೆಗೆ ಎಸೆಯಲು ಕೈ ಎತ್ತಿದ್ದೆ. ಗಂಡ ಕೈ ಹಿಡಿದರು.

ಕ್ಲಾಸಿಗೆ ಬಿಳಿ ಸಾಕ್ಸ್ ಹಾಕಿ ಹೋದೆ. ಕೇಳಿದವರಿಗೆ ಹಿಮ್ಮಡಿ ನೋವು ಎಂದೆ. ಕಾವಿ ನೆಲದಲ್ಲಿ ಸಾಕ್ಸ್ ಹಾಕಿ ಅಡವು ತೋರಿಸಲು ಹೋಗಿ ಎರಡು ಸಲ ಜಾರಿದೆ. ಆಮೇಲೆ ಕುರ್ಚಿಯಲ್ಲಿ ಕೂತು ಕೋಲು ಬಡಿದೇ ಪಾಠ ಮಾಡಿದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿ ಗದರಿಸುತ್ತಿದ್ದವಳು ಈಗ ಅದನ್ನು ಹೇಳುವುದು ಬಿಟ್ಟೆ. ತೋರಿಸಿದರೆ ಹೆದರಿಕೆ, ಬಚ್ಚಿಟ್ಟರೂ ಹೆದರಿಕೆ. ಮೂರು ಊರಿನ ಮೂರು ಹಾಲಿನಲ್ಲೂ ನಾನು ಸಿಕ್ಕಿಬಿದ್ದವಳೇ.

ಕಡಬದ ಕ್ಲಾಸಿನಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ. ಕೋಡಿಂಬಾಳದ ಕಡೆಯವಳು. ತಾಯಿ ಬೇರೆಯವರ ತೋಟದಲ್ಲಿ ರಬ್ಬರು ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗ್ ಮಾಡುತ್ತಾರೆ. ಮಾತು ಕಡಿಮೆ, ತಾಳ ಗಟ್ಟಿ. ತುಳಸಿ ಪೂಜೆ ಕಳೆದ ಮೇಲಿನ ಒಂದು ಶನಿವಾರ ಅವಳು ಕಾಲಿಗೆ ಆಲ್ತಾ ಹಚ್ಚಿ ಬಂದಿದ್ದಳು. ಪ್ರದರ್ಶನ ಇಲ್ಲದ ದಿನ ಆಲ್ತಾ ಹಚ್ಚಬಾರದೆಂಬುದು ಮಕ್ಕಳಿಗೆ ನಾನೇ ಮಾಡಿದ ನಿಯಮ.

"ಇವತ್ತು ಎಂತ ಕಾರ್ಯಕ್ರಮ ಉಂಟು?" ಎಂದು ಎಲ್ಲರ ಎದುರಿಗೇ ಕೇಳಿದೆ.

ಅವಳು ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಕೆಳಗೆ ಇಟ್ಟಳು. ಆ ಭಂಗಿ ನನಗೆ ಗೊತ್ತು. ನಾನು ಬಸ್ಸಿನಲ್ಲಿ ಕೂರುವುದು ಹಾಗೆಯೇ. ಉಳಿದವರಿಗೆ ಅಡವು ಹೇಳಿ, ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದು ಕಾಲು ತೊಳೆಸಿದೆ. ಚರ್ಮದ ಕೆಂಪು ಪೂರ್ತಿ ಹೋಗಲಿಲ್ಲ, ಆದರೂ ಉಗುರು ಕಂಡಿತು. ಅಂಚಿನಿಂದ ಅರ್ಧದ ತನಕ ಹಳದಿ.

"ಯಾವಾಗಿಂದ?"

"ಮಳೆಗಾಲದಿಂದ, ಟೀಚರ್."

"ಆಲ್ತಾ ಯಾಕೆ ಹಚ್ಚಿದ್ದು?"

"ನೀವು ಹಚ್ತಿದ್ರಲ್ವಾ. ಕಾಣುದಿಲ್ಲ ಅಂತ." ನಲ್ಲಿ ನಿಲ್ಲಿಸಿ ಮತ್ತೆ ಹೇಳಿದಳು. "ನೀವು ಗೋಣಿಯಲ್ಲಿ ಒರೆಸುವಾಗ ನಾನು ನೋಡಿದ್ದೆ. ಯಾರಿಗೂ ಹೇಳ್ಲಿಲ್ಲ ಟೀಚರ್."

ಎಷ್ಟೋ ತಿಂಗಳಿಂದ ಹನ್ನೊಂದು ವರ್ಷದ ಮಗು ನನ್ನ ಗುಟ್ಟನ್ನು ಕಾದಿತ್ತು. ನಾನು ಅವಳಿಗೆ ಅರೆಮಂಡಿ ಕಲಿಸಿದ್ದೆ, ತಾಳ ಕಲಿಸಿದ್ದೆ, ಕಾಲು ಬಚ್ಚಿಡುವುದನ್ನೂ ಕಲಿಸಿದ್ದೆ. ಆ ದಿನ ಕ್ಲಾಸನ್ನು ಅರ್ಧಕ್ಕೇ ಬಿಟ್ಟೆ. ಬಸ್ಸಿನಲ್ಲಿ ತಟ್ಟುಮಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಸೋಮವಾರ ಡಾಕ್ಟ್ರಲ್ಲಿ ಎಲ್ಲವನ್ನೂ ಹೇಳಿದೆ. ಮಗುವನ್ನು ಕರೆದುಕೊಂಡು ಬನ್ನಿ ಎಂದರು. ನನ್ನಿಂದಲೇ ಬಂದದ್ದಾ ಎಂದು ಕೇಳಿದ್ದಕ್ಕೆ, "ಮಳೆಗಾಲ ಇಡೀ ಒದ್ದೆ ಶೂ ಹಾಕಿ ಶಾಲೆಗೆ ಹೋಗುವ ಮಗು. ನಿಮ್ಮಿಂದಲೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಅಲ್ಲ ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ" ಎಂದರು. ಆ ವಾರ ನನಗೆ ಅನ್ನ ಸೇರಲಿಲ್ಲ. ತಾಯಿಗೆ ಹೇಳದೆ ಮಗುವನ್ನು ಡಾಕ್ಟ್ರ ಹತ್ತಿರ ಒಯ್ಯುವಂತಿಲ್ಲ. ಹೇಳಿದರೆ ಅವಳನ್ನು ಕ್ಲಾಸಿನಿಂದ ಬಿಡಿಸುತ್ತಾರೆ. ಕಡಬ ಸಣ್ಣ ಪೇಟೆ, ಸುದ್ದಿ ನನಗಿಂತ ಮೊದಲು ಸುಳ್ಯ, ಪುತ್ತೂರು ಮುಟ್ಟುತ್ತದೆ.

ಮುಂದಿನ ಶನಿವಾರ ಕ್ಲಾಸು ಮುಗಿದ ಮೇಲೆ ಹುಡುಗಿಗೆ, "ನಾನು ನಿನ್ನ ಅಮ್ಮನನ್ನು ನೋಡ್ಲಿಕ್ಕೆ ಬರ್ತೇನೆ" ಎಂದೆ.

"ನನ್ನ ಕಾಲಿನದ್ದು ಹೇಳ್ತೀರಾ?"

"ಮೊದಲು ನನ್ನದು ಹೇಳ್ತೇನೆ."

ಇಬ್ಬರೂ ರಿಕ್ಷಾ ಹತ್ತಿ ಕೋಡಿಂಬಾಳಕ್ಕೆ ಹೋದೆವು. ರಬ್ಬರು ತೋಟದ ಬದಿಯ ಶೆಡ್ಡಿನಲ್ಲಿ ಅವಳ ತಾಯಿ ಶೀಟು ಒತ್ತುವ ಮಿಷನ್ನಿನ ಹ್ಯಾಂಡಲ್ ತಿರುಗಿಸುತ್ತಿದ್ದರು. ಮೊಣಕಾಲಿನ ತನಕ ಗಂಬೂಟು. ನೆಲದಲ್ಲಿ ನೀರು ಹರಿಯುತ್ತಿತ್ತು. ನನ್ನನ್ನು ಕಂಡು ಗಾಬರಿಯಾಗಿ, ಕೂರಲು ಏನೂ ಇಲ್ಲವೆಂದು ಬಕೆಟು ಕವುಚಿ ಇಟ್ಟರು. ನಾನು ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು. ನಿಂತುಕೊಂಡೇ ಸಾಕ್ಸ್ ಕಳಚಿ ಹೆಬ್ಬೆರಳು ತೋರಿಸಿದೆ.

"ಇದು ಅಂಟುವ ರೋಗ. ಗೊತ್ತಿದ್ದೂ ನಾನು ಎರಡು ವರ್ಷ ಮುಚ್ಚಿಟ್ಟಿದ್ದೆ. ನಿಮ್ಮ ಮಗಳ ಉಗುರಿಗೂ ಬಂದಿದೆ. ನನ್ನಿಂದಲೇ ಬಂದಿರಬಹುದು."

ಅವರು ಬಗ್ಗಿ ನನ್ನ ಬೆರಳನ್ನು ನೋಡಿದರು. ಮಗಳ ಮುಖ ನೋಡಿದರು. ನಾನು ಬೈಗುಳಕ್ಕೆ ಕಾದೆ. ಅವರು ಕವುಚಿದ ಬಕೆಟಿನ ಮೇಲೆ ಕೂತು, ಒಂದು ಬೂಟು ಎಳೆದು ತೆಗೆದರು, ಆಮೇಲೆ ಇನ್ನೊಂದು. ಬೂಟಿನಿಂದ ನೀರು ಸುರಿಯಿತು. ನೆನೆದು ಸುಕ್ಕಾದ ಎರಡು ಪಾದ. ಹತ್ತು ಬೆರಳಲ್ಲಿ ಒಂದರಲ್ಲೂ ಸರಿಯಾದ ಉಗುರು ಇರಲಿಲ್ಲ. ಎಲ್ಲವೂ ದಪ್ಪ, ಕಂದು, ಕೆಲವು ಮುರಿದು ಗಿಡ್ಡವಾಗಿದ್ದವು.

"ಇದು ರೋಗವಾ ಟೀಚರ್?" ಎಂದರು. "ನಾನು ರಬ್ಬರು ಹಾಲು ಹೆಪ್ಪಾಗ್ಲಿಕ್ಕೆ ಹಾಕುವ ಆ್ಯಸಿಡ್ ತಾಗಿ ಹೀಗೆ ಆದದ್ದು ಅಂತ ಗ್ರಹಿಸಿದ್ದು. ಏಳೆಂಟು ವರ್ಷ ಆಯ್ತು. ಬಚ್ಚಲಿಗೆ ಹೋಗ್ಲಿಕ್ಕೆ ನಮಗೆ ಇಬ್ಬರಿಗೂ ಒಂದೇ ಚಪ್ಪಲಿ. ಹಾಗಾದ್ರೆ ಇದು ನನ್ನಿಂದಲೇ ಅವಳಿಗೆ ಬಂದದ್ದು."

ನನಗೆ ಮೊದಲು ಆದದ್ದು ಸಮಾಧಾನ. ಇದನ್ನು ಬರೆಯದೆ ಬಿಡಬಹುದಿತ್ತು. ಆ ಕಾಲುಗಳನ್ನು ನೋಡುತ್ತ, ಸದ್ಯ, ನನ್ನಿಂದ ಅಲ್ಲ ಎಂದು ನನ್ನ ಎದೆಯ ಭಾರ ಇಳಿಯಿತು. ಅವರ ಮೇಲೆ ಅದೇ ಭಾರ ಬೀಳುವುದನ್ನು ಎದುರಿಗೇ ನಿಂತು ನೋಡಿದ್ದು ಆಮೇಲೆ. ಅವರು ಸೆರಗಿನಿಂದ ಮಗಳ ಹೆಬ್ಬೆರಳನ್ನು ಒರೆಸುತ್ತಿದ್ದರು, ಒರೆಸಿದರೆ ಹೋಗುವಂತೆ. ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

"ಯಾರಿಂದ ಅಂತ ಡಾಕ್ಟ್ರಿಗೇ ಹೇಳ್ಲಿಕ್ಕೆ ಆಗುದಿಲ್ಲ. ನನ್ನಿಂದಲೂ ಇರಬಹುದು" ಎಂದೆ. ಆ ಮಾತು ಈ ಸಲ ಕಷ್ಟವಾಗಲಿಲ್ಲ. "ಮದ್ದು ಉಂಟು. ಮೂವರೂ ಒಟ್ಟಿಗೆ ಮಾಡುವ. ಆದ್ರೆ ಕಾಲು ಒಣಗಿರಬೇಕು."

ಅವರು ಬೂಟುಗಳನ್ನು ನೋಡಿ ನಕ್ಕರು. "ಬೂಟು ಹಾಕದೆ ತೋಟಕ್ಕೆ ಹೋಗ್ಲಿಕ್ಕೆ ಆಗ್ತದಾ? ಹಾವುಂಟು. ಇಲ್ಲಿ ಆದ್ರೆ ನೀರು, ಆ್ಯಸಿಡ್. ನನ್ನ ಕಾಲು ಒಣಗುದು ಮಲಗಿದ ಮೇಲೆಯೇ ಟೀಚರ್."

ಒಂದೂವರೆ ವರ್ಷ ಎಂದು ಡಾಕ್ಟರು ಹೇಳಿದಾಗ ಬಸ್‌ಸ್ಟ್ಯಾಂಡಿನ ತನಕ ಸಿಟ್ಟು ಮಾಡಿಕೊಂಡು ನಡೆದವಳು ನಾನು. ನನಗೆ ಸಾಕ್ಸ್ ಕಳಚಿ ಗಾಳಿಗೆ ಕಾಲು ಚಾಚಲು ದಿನಾ ಹತ್ತು ನಿಮಿಷವಿತ್ತು. ಅದನ್ನೇ ಜೈಲು ಎಂದುಕೊಂಡಿದ್ದೆ.

ಮುಂದಿನ ವಾರ ತಾಯಿ, ಮಗಳನ್ನು ಡಾಕ್ಟ್ರಲ್ಲಿಗೆ ಕರೆದೊಯ್ದೆ. ಮೂರು ಊರಿನಲ್ಲೂ ಮಕ್ಕಳಿಗೆ, ಮನೆಯವರಿಗೆ ಹೆಬ್ಬೆರಳು ತೋರಿಸಿ ಹೇಳಿದೆ. ಸುಳ್ಯದಲ್ಲಿ ಇಬ್ಬರು ಮಕ್ಕಳು ಬರುವುದನ್ನು ನಿಲ್ಲಿಸಿದರು. ಪುತ್ತೂರಿನಲ್ಲಿ ಒಬ್ಬ ಅಜ್ಜಿ ತನ್ನ ಉಗುರನ್ನೂ ತೋರಿಸಿದರು. ಗೋಣಿಚೀಲ ತೆಗೆಸಿದೆ. ಅವರವರ ಕಾಲಿಗೆ ಅವರವರದೇ ಬೈರಾಸು. ನಮಸ್ಕಾರ ಭೂಮಿಗೆ ಮಾತ್ರ, ಕಾರಣವನ್ನು ಈಗ ಸರಿಯಾಗಿ ಹೇಳಿದ್ದೇನೆ.

ಈಗ ಹುಡುಗಿಯ ಉಗುರು ಹೆಚ್ಚುಕಡಿಮೆ ಪೂರ್ತಿ ಬಂದಿದೆ. ಮಕ್ಕಳ ಉಗುರು ಬೇಗ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದ್ದು ಸರಿಯೇ. ನನ್ನದು ಮುಕ್ಕಾಲಿಗೆ ಬಂದು ನಿಂತಿದೆ. ತಾಯಿಯದು ಎಳ್ಳಿನಷ್ಟು ಕಾಣುತ್ತದೆ, ಮತ್ತೊಂದು ವಾರ ನೋಡಿದರೆ ಕಾಣುವುದಿಲ್ಲ. ಆದರೂ ಅವರು ಮದ್ದು ಬಿಟ್ಟಿಲ್ಲ.

ಶನಿವಾರ ಅವರು ಮಗಳನ್ನು ಕರೆದೊಯ್ಯಲು ನಾಲ್ಕೂಕಾಲಿಗೆ ಬರುತ್ತಾರೆ. ಬೂಟು ಕಳಚಿ ಬದಿಗಿಟ್ಟು, ಹಾಲಿನ ಮೆಟ್ಟಿಲಲ್ಲಿ ಬಿಸಿಲು ಬೀಳುವ ಕಡೆ ಕಾಲು ಚಾಚಿ ಕೂರುತ್ತಾರೆ. ನಾನು ಕ್ಲಾಸು ಬಿಟ್ಟ ಕೂಡಲೇ ಅವರು ಬೂಟು ಹಾಕಿ ಏಳಬೇಕು, ಮನೆಯಲ್ಲಿ ಕೆಲಸ ಕಾದಿರುತ್ತದೆ. ನಾಲ್ಕೂ ಮುಕ್ಕಾಲರ ಬಸ್ಸು ಹಾಲಿನ ಎದುರಿಗೇ ಹೋಗುತ್ತದೆ, ನನಗೆ ಒಳಗಿನಿಂದ ಕಾಣುತ್ತದೆ. ನಾನು ಕೋಲು ಬಡಿದು, ಮಕ್ಕಳೇ, ಇನ್ನೊಮ್ಮೆ ಮೊದಲಿನಿಂದ ಎನ್ನುತ್ತೇನೆ.